21 ದಿನ ಬೆನ್ನಟ್ಟಿ ಹಿಡಿದರು, ಕೋರ್ಟಿನಲ್ಲಿ ಕೇಸು ನಿಲ್ಲಲಿಲ್ಲ: ವಿಯಾರ್ಸಾ 1 ಪ್ರಕರಣ

2003ರ ಆಗಸ್ಟ್ 7. ದಕ್ಷಿಣ ಸಾಗರದಲ್ಲಿ, ಹರ್ಡ್ ದ್ವೀಪದ ಆಸುಪಾಸಿನಲ್ಲಿ, ಆಸ್ಟ್ರೇಲಿಯಾದ ಕಾವಲು ಹಡಗು ಸದರ್ನ್ ಸಪೋರ್ಟರ್‌ಗೆ ಇನ್ನೊಂದು ಹಡಗು ಕಣ್ಣಿಗೆ ಬಿತ್ತು. ಮೀನು ಹಿಡಿಯುವ ಹಡಗು. ಹೆಸರು ವಿಯಾರ್ಸಾ 1, ಬಾವುಟ ಉರುಗ್ವೆಯದು. ಆ ನೀರಿನಲ್ಲಿ ಮೀನು ಹಿಡಿಯಲು ಅದಕ್ಕೆ ಆಸ್ಟ್ರೇಲಿಯಾದ ಲೈಸೆನ್ಸ್ ಇರಲಿಲ್ಲ. ನಿಲ್ಲಿಸಿ ಅಂದರು, ನಿಲ್ಲಿಸಲಿಲ್ಲ. ಪಶ್ಚಿಮಕ್ಕೆ ತಿರುಗಿ ಓಡಿತು.

ಇವರು ಬಿಡಲಿಲ್ಲ. 21 ದಿನ, ಸುಮಾರು 3,900 ನಾಟಿಕಲ್ ಮೈಲು, ಅಂದರೆ 7,200 ಕಿಲೋಮೀಟರು ಹಿಂದೆ ಬಿದ್ದರು. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಶುರುವಾದದ್ದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಗಿಯಿತು. ಹಡಗಿನೊಳಗೆ ಸುಮಾರು 95 ಟನ್ ಮೀನು ಸಿಕ್ಕಿತು. ಐದು ಜನರ ಮೇಲೆ ಕೇಸು ಬಿತ್ತು. ಎರಡು ವರ್ಷ ಕಳೆದ ಮೇಲೆ, 2005ರ ನವೆಂಬರ್‌ನಲ್ಲಿ, ಐವರೂ ನಿರ್ದೋಷಿಗಳು ಅಂತ ತೀರ್ಪು ಬಂತು.

ಈ ಪ್ರಕರಣದ ಬಗ್ಗೆ ಯಾರು ಬರೆದರೂ ಆ ಓಟವನ್ನೇ ಬರೆಯುತ್ತಾರೆ, ಅದು ಅಷ್ಟು ರೋಚಕ ಹೌದು. ನನ್ನ ತಲೆ ಕೊರೆಯುವುದು ಮಾತ್ರ ಕೊನೆಯ ಸಾಲು. ಅಷ್ಟು ದೂರ ಹಿಂದೆ ಬಿದ್ದು, ಎರಡು ದೇಶಗಳ ಹಡಗುಗಳ ಸಹಾಯ ತಗೊಂಡು, ಕೈಗೆ ಸಿಕ್ಕಿದ್ದನ್ನು ಕೋರ್ಟಿನಲ್ಲಿ ಯಾಕೆ ಉಳಿಸಿಕೊಳ್ಳಲು ಆಗಲಿಲ್ಲ?

ಮೊದಲು ಜಾಗ, ಆಮೇಲೆ ಮೀನು

ಹರ್ಡ್ ದ್ವೀಪ ಎಲ್ಲಿದೆ ಅಂತ ನಕ್ಷೆಯಲ್ಲಿ ಹುಡುಕಿದರೆ ಈ ಕಷ್ಟ ಅರ್ಧ ಅರ್ಥವಾಗುತ್ತದೆ. ಪರ್ತ್ ನಗರದಿಂದ ನೈಋತ್ಯಕ್ಕೆ ಸುಮಾರು 4,000 ಕಿ.ಮೀ. ಜನವಸತಿ ಇಲ್ಲ. 2,745 ಮೀಟರು ಎತ್ತರದ ಶಿಖರ, ಅದೂ ಜೀವಂತ ಜ್ವಾಲಾಮುಖಿ, ಮೇಲೆಲ್ಲ ಹಿಮ. 1947ರಲ್ಲಿ ಬ್ರಿಟನ್ ಇದನ್ನು ಆಸ್ಟ್ರೇಲಿಯಾಕ್ಕೆ ಬಿಟ್ಟುಕೊಟ್ಟಿತು. ಪಕ್ಕದ ನೆರೆ ಅಂದರೆ ಫ್ರಾನ್ಸ್‌ಗೆ ಸೇರಿದ ಕೆರ್ಗುಲೆನ್ ದ್ವೀಪಗಳು, ಎರಡೂ ದೇಶಗಳ ಸಮುದ್ರ ವಲಯಗಳು ಅಲ್ಲಿ ಒಂದಕ್ಕೊಂದು ತಾಗುತ್ತವೆ. ಕಾವಲು ಹಡಗು ಬಂದರಿನಿಂದ ಹೊರಟು ಅಲ್ಲಿಗೆ ಮುಟ್ಟುವುದಕ್ಕೇ ದಿನಗಟ್ಟಲೆ ಬೇಕು. ಅಲ್ಲಿ ಕಳ್ಳತನಕ್ಕೆ ಹೋಗುವವನಿಗೂ ಇದು ಗೊತ್ತು.

ಇಷ್ಟು ದೂರ ಹೋಗುವುದು ಯಾಕೆ ಅಂದರೆ, ಪ್ಯಾಟಗೋನಿಯನ್ ಟೂತ್‌ಫಿಶ್ ಅನ್ನುವ ಮೀನಿಗಾಗಿ. ನೋಡೋಕೆ ಏನೂ ಚಂದವಿಲ್ಲ, ದೊಡ್ಡ ಬಾಯಿ, ಚೂಪು ಹಲ್ಲು. ಎರಡು ಮೀಟರಿನವರೆಗೆ ಬೆಳೆಯುತ್ತದೆ, 50 ವರ್ಷ ದಾಟಿ ಬದುಕಬಲ್ಲದು, ಆಳ ನೀರಿನಲ್ಲಿ ಇರುತ್ತದೆ. 1977ರಲ್ಲಿ ಅಮೆರಿಕದ ಮೀನು ವ್ಯಾಪಾರಿಯೊಬ್ಬ ಇದಕ್ಕೆ 'ಚಿಲಿಯನ್ ಸೀ ಬಾಸ್' ಅಂತ ಹೊಸ ಹೆಸರಿಟ್ಟ. ಅದು ಸೀ ಬಾಸ್ ಜಾತಿಯ ಮೀನೇ ಅಲ್ಲ, ಆದರೂ ಹೆಸರು ಓಡಿತು. ದೊಡ್ಡ ಹೋಟೆಲುಗಳ ಮೆನುವಿಗೆ ಬಂತು, ಬೆಲೆ ಏರಿತು, ಮೀನುಗಾರರ ಬಾಯಲ್ಲಿ ಇದು 'ಬಿಳಿ ಚಿನ್ನ' ಆಯಿತು. ನಿಧಾನವಾಗಿ ಬೆಳೆದು ತಡವಾಗಿ ಮರಿ ಮಾಡುವ ಮೀನು ಇಂಥ ಬೇಡಿಕೆಯನ್ನು ಜಾಸ್ತಿ ದಿನ ತಾಳುವುದಿಲ್ಲ.

ಹಿಡಿಯುವುದು ಲಾಂಗ್‌ಲೈನ್‌ನಲ್ಲಿ. ಕಿಲೋಮೀಟರುಗಟ್ಟಲೆ ಉದ್ದದ ಹಗ್ಗ, ಅದಕ್ಕೆ ಸಾವಿರಾರು ಗಾಳ, ಎರೆ ಸಿಕ್ಕಿಸಿ ಸಮುದ್ರದ ತಳಕ್ಕೆ ಬಿಡುವುದು. ಗಾಳ ಮುಳುಗುವ ಮುಂಚೆ ಎರೆಗೆ ಬಾಯಿ ಹಾಕಿ ಆಲ್ಬಟ್ರಾಸ್ ಹಕ್ಕಿಗಳು ಸಿಕ್ಕಿಹಾಕಿಕೊಂಡು ಸಾಯುತ್ತವೆ. ಲೈಸೆನ್ಸ್ ಇರುವ ಹಡಗುಗಳಿಗೆ ಇದನ್ನು ತಪ್ಪಿಸಲು ನಿಯಮಗಳಿವೆ. ಕದ್ದು ಹಿಡಿಯುವವನಿಗೆ ಅದರ ಗೊಡವೆ ಯಾಕೆ?

ಅಂಟಾರ್ಕ್ಟಿಕಾ ಸುತ್ತಲಿನ ಸಮುದ್ರಜೀವಿಗಳ ರಕ್ಷಣೆಗೆ ಒಂದು ಅಂತರರಾಷ್ಟ್ರೀಯ ಆಯೋಗ ಇದೆ, ಕಚೇರಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ. 2000ದಿಂದ ಅದು ಟೂತ್‌ಫಿಶ್‌ಗೆ ದಾಖಲೆ ಪದ್ಧತಿ ಶುರುಮಾಡಿತು, ಅಂದರೆ ಮೀನು ಎಲ್ಲಿ ಹಿಡಿದದ್ದು ಅನ್ನುವ ಕಾಗದ ಅದು ಮಾರಾಟವಾಗುವ ತನಕ ಜೊತೆಗೇ ಹೋಗಬೇಕು. ಉರುಗ್ವೆ ಕೂಡ ಆ ಆಯೋಗದ ಸದಸ್ಯ ದೇಶ. ಹಾಗಾಗಿ ವಿಯಾರ್ಸಾ ಯಾವುದೋ ಹೆಸರಿಲ್ಲದ ಬಾವುಟದ ಕೆಳಗೆ ಓಡಾಡುತ್ತಿದ್ದ ಹಡಗಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ದೇಶದ ಬಾವುಟವೇ ಅದರ ಮೇಲಿತ್ತು.

ಕಾನೂನು ಏನು ಬಿಡುತ್ತದೆ, ಏನು ಬಿಡುವುದಿಲ್ಲ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇಡೀ ಪ್ರಕರಣ ಇದರ ಮೇಲೆ ನಿಂತಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿನವರೆಗಿನ ನೀರು ಆ ದೇಶದ್ದೇ. ಅದರಾಚೆ 200 ನಾಟಿಕಲ್ ಮೈಲಿನವರೆಗೆ, ಅಂದರೆ ಸುಮಾರು 370 ಕಿ.ಮೀ. ತನಕ, ವಿಶೇಷ ಆರ್ಥಿಕ ವಲಯ. ಈ ವಲಯದಲ್ಲಿ ಮೀನಿನ ಮೇಲಿನ ಹಕ್ಕು ಆ ದೇಶದ್ದು, ಆದರೆ ಹಡಗು ಓಡಿಸುವ ಹಕ್ಕು ಎಲ್ಲರದ್ದು. ಪರದೇಶದ ಮೀನುಗಾರಿಕೆ ಹಡಗು ಗಾಳ, ಹಗ್ಗ ಎಲ್ಲ ಕಟ್ಟಿಟ್ಟು ಸುಮ್ನೆ ಹಾದುಹೋದರೆ ಯಾರೂ ತಡೆಯುವಂತಿಲ್ಲ. ವಲಯದೊಳಗೆ ಇದ್ದ ಅನ್ನುವುದು ಒಂದು ಮಾತು, ವಲಯದೊಳಗೆ ಮೀನು ಹಿಡಿದ ಅನ್ನುವುದು ಇನ್ನೊಂದು. ಇವೆರಡರ ನಡುವೆ ಇರುವ ಸಂದಿಯಲ್ಲೇ ವಕೀಲರ ಹೊಟ್ಟೆಪಾಡು.

ಮೀನು ಕಾನೂನು ಮುರಿದ ಹಡಗನ್ನು ಹತ್ತಿ ತಪಾಸಣೆ ಮಾಡಬಹುದು, ಹಿಡಿಯಬಹುದು, ಕೇಸು ಹಾಕಬಹುದು ಅಂತ ಒಪ್ಪಂದದ 73ನೇ ವಿಧಿ ಹೇಳುತ್ತದೆ. ಅದೇ ವಿಧಿಯಲ್ಲೇ ಲಗಾಮೂ ಇದೆ. ತಕ್ಕ ಜಾಮೀನು ಕೊಟ್ಟರೆ ಹಡಗನ್ನೂ ಜನರನ್ನೂ ಬೇಗ ಬಿಡಬೇಕು. ಎರಡು ದೇಶಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಈ ವಲಯದ ಮೀನು ಅಪರಾಧಕ್ಕೆ ಜೈಲು ಶಿಕ್ಷೆ ಹಾಕುವಂತಿಲ್ಲ, ದಂಡ ಮಾತ್ರ. ಹಿಡಿದ ಸುದ್ದಿಯನ್ನು ಬಾವುಟದ ದೇಶಕ್ಕೆ ತಿಳಿಸಬೇಕು.

ಓಡಿಹೋದರೆ? ಅದಕ್ಕೆ 111ನೇ ವಿಧಿ ಇದೆ, ಬೆನ್ನಟ್ಟುವ ಹಕ್ಕು. ಆ ಹಡಗು ವಲಯದ ಒಳಗಿರುವಾಗಲೇ ಬೆನ್ನಟ್ಟಲು ಶುರುಮಾಡಬೇಕು. ಶುರುಮಾಡುವ ಮುಂಚೆ ನಿಲ್ಲುವಂತೆ ಸೂಚನೆ ಕೊಡಬೇಕು, ಅದೂ ಅವರಿಗೆ ಕಾಣುವ ಅಥವಾ ಕೇಳಿಸುವ ದೂರದಿಂದ. ಬೆನ್ನಟ್ಟುವ ಹಡಗು ಸರಕಾರಿ ಕೆಲಸದ್ದು ಅಂತ ಗುರುತು ಕಾಣುತ್ತಿರಬೇಕು. ಒಂದು ಸಲವೂ ಕಡಿಯಬಾರದು. ಓಡುವ ಹಡಗು ತನ್ನ ದೇಶದ ಅಥವಾ ಬೇರೊಂದು ದೇಶದ 12 ಮೈಲಿನೊಳಗೆ ನುಗ್ಗಿತೋ, ಬೆನ್ನಟ್ಟುವ ಹಕ್ಕು ಅಲ್ಲಿಗೇ ಮುಗಿಯಿತು. ಇಷ್ಟರಲ್ಲಿ ಒಂದು ತಪ್ಪಿದರೂ ಹಿಡಿದ ದೇಶವೇ ಪರಿಹಾರ ಕೊಡಬೇಕಾಗಿ ಬರಬಹುದು.

ಇದು ಬರೀ ಪುಸ್ತಕದ ಮಾತಲ್ಲ. 1997ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ದೇಶ ಸೈಗಾ ಅನ್ನುವ ಹಡಗನ್ನು ಹಿಡಿಯಿತು. ಅದು ಮೀನು ಹಿಡಿಯುತ್ತಿರಲಿಲ್ಲ, ಮೀನುಗಾರಿಕೆ ಹಡಗುಗಳಿಗೆ ಡೀಸೆಲ್ ತುಂಬಿಸುತ್ತಿತ್ತು. ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ 1999ರಲ್ಲಿ ಗಿನಿಯ ವಿರುದ್ಧವೇ ತೀರ್ಪು ಕೊಟ್ಟಿತು. ಬೆನ್ನಟ್ಟಿದ ರೀತಿ ಸರಿಯಿಲ್ಲ, ಗುಂಡು ಹಾರಿಸಿದ್ದು ಅತಿಯಾಯಿತು ಅಂದಿತು, 20 ಲಕ್ಷ ಡಾಲರಿಗೂ ಜಾಸ್ತಿ ಪರಿಹಾರ ಕೊಡಿ ಅಂದಿತು.

ಆಸ್ಟ್ರೇಲಿಯಾಕ್ಕೇ ಒಂದು ಪಾಠ ಅದಾಗಲೇ ಆಗಿತ್ತು. 2002ರ ಫೆಬ್ರವರಿಯಲ್ಲಿ ಇದೇ ಹರ್ಡ್ ದ್ವೀಪದ ಕಡೆ ರಷ್ಯಾ ಬಾವುಟದ ವೋಲ್ಗಾ ಅನ್ನುವ ಹಡಗನ್ನು ಆಸ್ಟ್ರೇಲಿಯಾದ ನೌಕಾಪಡೆ ಹಿಡಿದಿತ್ತು. ಆಮೇಲೆ ಲೆಕ್ಕ ಸರಿಯಾಗಿ ನೋಡಿದರೆ, ಹೆಲಿಕಾಪ್ಟರಿನಿಂದ ಮೊದಲ ಸೂಚನೆ ಕೊಟ್ಟಾಗ ವೋಲ್ಗಾ ವಲಯದ ಗೆರೆಯಿಂದ ಕೆಲವು ನೂರು ಮೀಟರು ಆಚೆ ಇದ್ದಿರಬಹುದು ಅಂತ ಆಸ್ಟ್ರೇಲಿಯಾವೇ ಒಪ್ಪಿಕೊಳ್ಳಬೇಕಾಯಿತು. ಅಂಥ ಸಮುದ್ರದಲ್ಲಿ ಕೆಲವು ನೂರು ಮೀಟರು! ಜಾಮೀನಿನ ವಿಷಯದಲ್ಲೂ ಪೆಟ್ಟು ಬಿತ್ತು. ಆಸ್ಟ್ರೇಲಿಯಾ ಕೇಳಿದ್ದು 33 ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮೇಲೆ, ನ್ಯಾಯಮಂಡಳಿ ಆ ಡಿಸೆಂಬರ್‌ನಲ್ಲಿ ನಿಗದಿ ಮಾಡಿದ್ದು 19.2 ಲಕ್ಷ.

ಓಟ

ಹಾಗಾಗಿ 2003ರ ಆಗಸ್ಟ್‌ನಲ್ಲಿ ಸದರ್ನ್ ಸಪೋರ್ಟರ್ ಮೇಲಿದ್ದವರಿಗೆ ಏನು ಮಾಡಬೇಕು ಅನ್ನುವುದು ಚೆನ್ನಾಗಿ ಗೊತ್ತಿತ್ತು. ಕಣ್ಣು ತಪ್ಪಿಸಬಾರದು, ಅಷ್ಟೇ. ತೊಂದರೆ ಏನೆಂದರೆ ಅವರ ಕೈಯಲ್ಲಿ ಇದ್ದದ್ದೂ ಅಷ್ಟೇ. ಅದು ಯುದ್ಧನೌಕೆ ಅಲ್ಲ, ಕಾವಲಿಗೆ ಅಂತ ಬಾಡಿಗೆಗೆ ಹಿಡಿದ ಹಡಗು, ಮೇಲೆ ಫಿರಂಗಿ ಇಲ್ಲ. ನಿಲ್ಲದವನನ್ನು ನಿಲ್ಲಿಸುವ ದಾರಿಯೇ ಇರಲಿಲ್ಲ. ಆಗಸ್ಟ್ ಅಂದರೆ ಅಲ್ಲಿ ನಡು ಚಳಿಗಾಲ. ಮನೆ ಎತ್ತರದ ಅಲೆ, ಹಿಮಪಾತ, ತೇಲುವ ಮಂಜುಗಡ್ಡೆ. ವಿಯಾರ್ಸಾ ಮಂಜುಗಡ್ಡೆ ಇರುವ ಕಡೆಗೇ ಹೋಯಿತು, ಹಿಂದಿನವರು ಹೆದರಿ ಬಿಡಲಿ ಅಂತ. ಅವರೂ ಹಿಂದೆಯೇ ಹೋದರು. ಹಗಲು ರಾತ್ರಿ, ಮೂರು ವಾರ.

ಎರಡು ವರ್ಷ ಮುಂಚೆ ಇದೇ ಸದರ್ನ್ ಸಪೋರ್ಟರ್ ಟೋಗೋ ಬಾವುಟದ ಸೌತ್ ಟೋಮಿ ಅನ್ನುವ ಹಡಗನ್ನು 14 ದಿನ ಬೆನ್ನಟ್ಟಿತ್ತು. ಆಗಲೂ ದಕ್ಷಿಣ ಆಫ್ರಿಕಾದ ಸಹಾಯದಿಂದಲೇ ಹಿಡಿದಿದ್ದರು. ಈ ಸಲವೂ ಅದೇ ದಾರಿ. ದಕ್ಷಿಣ ಆಫ್ರಿಕಾದಿಂದ ಎಸ್.ಎ. ಅಗುಲಾಸ್ ಅನ್ನುವ ಅಂಟಾರ್ಕ್ಟಿಕ್ ಹಡಗು ಮತ್ತು ಜಾನ್ ರಾಸ್ ಅನ್ನುವ, ಬೇರೆ ಹಡಗುಗಳನ್ನು ಎಳೆಯುವ ಭಾರೀ ಟಗ್ ಹೊರಟವು. ಫಾಕ್‌ಲ್ಯಾಂಡ್ ದ್ವೀಪಗಳ ಕಡೆಯಿಂದ ಬ್ರಿಟಿಷರ ಮೀನುಗಾರಿಕೆ ಕಾವಲು ಹಡಗು ಡೊರಾಡಾ ಹೊರಟಿತು. ವಿಯಾರ್ಸಾ ಮುಖ ಮಾಡಿದ್ದು ಪಶ್ಚಿಮಕ್ಕೆ, ಉರುಗ್ವೆ ಇರುವ ದಿಕ್ಕಿಗೆ. ತನ್ನ ದೇಶದ 12 ಮೈಲಿನೊಳಗೆ ಒಮ್ಮೆ ಕಾಲಿಟ್ಟಿದ್ದರೆ ಅಷ್ಟೂ ದಿನದ ಓಟ ನೀರಿಗೆ ಹೋಗುತ್ತಿತ್ತು.

ಆಗಸ್ಟ್ 28ಕ್ಕೆ ನಾಲ್ಕು ಹಡಗು ಒಂದರ ಸುತ್ತ ಸೇರಿದ್ದವು. ಆಯುಧ ಹಿಡಿದ ದಕ್ಷಿಣ ಆಫ್ರಿಕಾದ ಅಧಿಕಾರಿಗಳ ಜೊತೆ ಆಸ್ಟ್ರೇಲಿಯಾದವರು ಹಡಗು ಹತ್ತಿದರು. ಹೊಡೆದಾಟ ಏನೂ ಆಗಲಿಲ್ಲ. ಅಲ್ಲಿಂದ ವಾಪಸ್ಸು ಅರ್ಧ ಭೂಮಿ ಸುತ್ತಿದಂತೆ ಫ್ರೀಮ್ಯಾಂಟಲ್ ಬಂದರಿಗೆ. ಅಲ್ಲಿಗೆ ತಲುಪುವ ಹೊತ್ತಿಗೆ ಅಕ್ಟೋಬರ್ ಶುರುವಾಗಿತ್ತು, ಅಂದರೆ ಬರುವ ದಾರಿಯೇ ಬೆನ್ನಟ್ಟಿದ್ದಕ್ಕಿಂತ ಉದ್ದದ ಪ್ರಯಾಣವಾಯಿತು.

111ನೇ ವಿಧಿಯ ಕಣ್ಣಿನಿಂದ ನೋಡಿದರೆ ಇದು ಅಚ್ಚುಕಟ್ಟಾದ ಕೆಲಸ. ಒಳಗೆ ಇದ್ದಾಗ ಕಂಡರು, ಸೂಚನೆ ಕೊಟ್ಟರು, ಒಂದು ಗಂಟೆಯೂ ಬಿಡದೆ ಹಿಂದೆ ಇದ್ದರು, ಅತಿಯಾದ ಬಲ ಬಳಸಲಿಲ್ಲ. ಬೇರೆ ದೇಶಗಳ ಹಡಗುಗಳು ಕೊನೆಗೆ ಬಂದು ಸೇರಿಕೊಂಡಿದ್ದು ಒಪ್ಪಂದದಲ್ಲಿ ಬಿಡಿಸಿ ಬರೆದ ವಿಷಯ ಅಲ್ಲ, ಅದರ ಬಗ್ಗೆ ಕಾನೂನು ಪಂಡಿತರು ಬೇಕಾದಷ್ಟು ಬರೆದುಕೊಂಡಿದ್ದಾರೆ. ಆದರೆ ಕೇಸು ಬಿದ್ದುಹೋದದ್ದು ಅದರಿಂದಲ್ಲ.

ಕೋರ್ಟು

ಪರ್ತ್‌ನಲ್ಲಿ ವಿಚಾರಣೆ, ಜ್ಯೂರಿ ಮುಂದೆ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪಿನ ಮುಂದೆ. ಮೊದಲ ಸಲ ಜ್ಯೂರಿಗೆ ಒಮ್ಮತ ಬರಲಿಲ್ಲ. ಮತ್ತೆ ಮೊದಲಿಂದ ಇನ್ನೊಂದು ವಿಚಾರಣೆ ನಡೆಸಿದರು. ಎರಡನೇ ಜ್ಯೂರಿ ಐವರನ್ನೂ ಬಿಡುಗಡೆ ಮಾಡಿತು.

ಜ್ಯೂರಿ ತನ್ನ ಕಾರಣವನ್ನು ಯಾರಿಗೂ ಹೇಳುವುದಿಲ್ಲ, ಅಲ್ಲಿನ ಪದ್ಧತಿ ಹಾಗೆ. ಹಾಗಾಗಿ ಇಲ್ಲಿಂದ ಮುಂದಿನದು ನನ್ನ ಓದು.

ಸರಕಾರದ ಕೈಯಲ್ಲಿ ಏನಿತ್ತು ನೋಡಿ. ವಲಯದೊಳಗೆ ಕಂಡ ಹಡಗು. ಹೇಳಿದರೂ ನಿಲ್ಲದೆ ಮೂರು ವಾರ ಓಡಿದ ಹಡಗು. ಹೊಟ್ಟೆ ತುಂಬ ಟೂತ್‌ಫಿಶ್. ಇದನ್ನು ಕೇಳಿದ ಯಾರಾದರೂ 'ಇನ್ನೇನು ಬೇಕು' ಅಂತಾರೆ ಅಲ್ವಾ? ಆದರೆ ಇವು ಯಾವುವೂ ಮುಖ್ಯ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಈ ಮೀನು ಗೆರೆಯ ಒಳಗೆ ಹಿಡಿದದ್ದಾ? ಟೂತ್‌ಫಿಶ್ ಹರ್ಡ್ ದ್ವೀಪದ ಹತ್ತಿರ ಮಾತ್ರ ಸಿಗುವ ಮೀನಲ್ಲ, ದಕ್ಷಿಣ ಸಾಗರದ ಬೇರೆ ಕಡೆಯೂ, ಯಾರಿಗೂ ಸೇರದ ನೀರಿನಲ್ಲೂ ಸಿಗುತ್ತದೆ. ನಾವು ಹಿಡಿದದ್ದು ಅಲ್ಲಿ, ಇಲ್ಲಿ ಹಾದುಹೋಗುತ್ತಿದ್ದೆವು ಅಷ್ಟೇ ಅಂದರೆ, ಹಾಗಲ್ಲ ಅಂತ ತೋರಿಸುವ ಹೊರೆ ಸರಕಾರದ್ದು. ಅದೂ ಕ್ರಿಮಿನಲ್ ಕೇಸು, ಅನುಮಾನಕ್ಕೆ ಎಡೆ ಇಲ್ಲದಂತೆ ತೋರಿಸಬೇಕು. ಗಾಳ ನೀರಿನಲ್ಲಿ ಇರುವುದನ್ನು, ಹಗ್ಗ ಮೇಲೆ ಬರುತ್ತಿರುವುದನ್ನು ಕಣ್ಣಾರೆ ಕಂಡು ಹೇಳುವ ಸಾಕ್ಷಿ ಇಲ್ಲದಿದ್ದರೆ, ಉಳಿಯುವುದು ತುಂಡು ತುಂಡು ಸುಳಿವುಗಳನ್ನು ಜೋಡಿಸಿ ಒಂದು ಚಿತ್ರ ಕಟ್ಟುವ ಕೆಲಸ.

ಓಡಿದ್ದೇ ತಪ್ಪೊಪ್ಪಿಗೆ ಅಲ್ವಾ ಅಂತ ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಯೋಚಿಸಿ: ಹಿಡಿದರೆ ಹಡಗು ತಿಂಗಳುಗಟ್ಟಲೆ ಬಂದರಿನಲ್ಲಿ ಕೊಳೆಯುತ್ತದೆ, ಮೀನು ಹೋಗುತ್ತದೆ, ಆ ವರ್ಷದ ದುಡಿಮೆ ಹೋಗುತ್ತದೆ, ಆಮೇಲೆ ನಿರ್ದೋಷಿ ಅಂತ ಆದರೂ ಅಷ್ಟೇ. ಬೇರೆಲ್ಲೋ ಮಾಡಿದ ತಪ್ಪಿನ ಭಯಕ್ಕೂ ಓಡಬಹುದು. ಇಂಥ ಮಾತನ್ನು ಒಬ್ಬ ಒಳ್ಳೆಯ ವಕೀಲ ಜ್ಯೂರಿಯ ಮುಂದೆ ಇಟ್ಟರೆ, 21 ದಿನದ ಓಟ ಸಾಬೀತು ಮಾಡುವುದು ಓಡಿದರು ಅನ್ನುವುದನ್ನು ಮಾತ್ರ.

ನನ್ನ ಲೆಕ್ಕದಲ್ಲಿ ಈ ಕೇಸು ಸೋತದ್ದು ಪರ್ತ್‌ನಲ್ಲಲ್ಲ. ಆಗಸ್ಟ್ 7ರಂದು, ಹಡಗು ಕಂಡ ಮೊದಲ ಕೆಲವು ಗಂಟೆಗಳಲ್ಲೇ ಅರ್ಧ ಸೋತಿತ್ತು. ಇದರಲ್ಲಿ ಸದರ್ನ್ ಸಪೋರ್ಟರ್‌ನವರನ್ನು ಬೈಯುವಂಥದ್ದು ಏನೂ ಇಲ್ಲ. ಕಾನೂನೇ ಅವರನ್ನು ಇಕ್ಕಟ್ಟಿಗೆ ಹಾಕಿತ್ತು. ಬೆನ್ನಟ್ಟುವುದು ಕಡಿಯಬಾರದು ಅಂದಮೇಲೆ, ಹಿಂದೆ ನಿಂತು ಆ ಜಾಗದ ನೀರಿನಲ್ಲಿ ಲೈನಿನ ಜಾಗ ತೋರಿಸುವ ತೇಲುಬುರುಡೆ ಇದೆಯಾ, ಕತ್ತರಿಸಿ ಬಿಟ್ಟುಹೋದ ಲೈನು ಇದೆಯಾ ಅಂತ ಹುಡುಕುವ ಹಾಗಿಲ್ಲ. ಅಲ್ಲಿ ಹುಡುಕುತ್ತಾ ನಿಂತರೆ ಹಡಗು ಕೈತಪ್ಪುತ್ತದೆ. ಹಡಗಿನ ಹಿಂದೆ ಹೋದರೆ ಪುರಾವೆ ಇರಬಹುದಾದ ಜಾಗ ಹಿಂದೆ ಉಳಿಯುತ್ತದೆ. ಒಂದೇ ಹಡಗು ಇರುವಾಗ ಎರಡನ್ನೂ ಮಾಡುವುದು ಹೇಗೆ? ಮೇಲಾಗಿ ಓಡುವವನಿಗೆ 21 ದಿನ ಪುರುಸೊತ್ತು ಸಿಗುತ್ತದೆ. ಅಷ್ಟು ದಿನದಲ್ಲಿ ಯಾವ ಹಡಗಿನವನು ಬೇಕಾದರೂ ಒಂದು ಪುಸ್ತಕವನ್ನು ನೀರಿಗೆ ಎಸೆಯಬಹುದು, ಒಂದು ಕಂಪ್ಯೂಟರನ್ನು ಒರೆಸಬಹುದು. ವಿಯಾರ್ಸಾದವರು ಹಾಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ, ಉದ್ದದ ಓಟ ಯಾರ ಕೈಗೆ ಅನುಕೂಲ ಅಂತ ಹೇಳುತ್ತಿದ್ದೇನೆ.

ಹಾಗಾದರೆ ಪುರಾವೆ ಎಲ್ಲಿಂದ ಬರಬೇಕು? ಹಡಗಿನ ಜಾಗವನ್ನು ಉಪಗ್ರಹದ ಮೂಲಕ ತಿಳಿಸುವ ಯಂತ್ರ, ಜಿಪಿಎಸ್ ಪ್ಲಾಟರ್‌ನಲ್ಲಿ ಉಳಿದ ಗುರುತು, ಹಿಡಿದ ದಿನ ಬರೆದ ಚೀಲಗಳು, ಅಡುಗೆಯವನಿಂದ ಹಿಡಿದು ಎಂಜಿನಿಯರ್ ತನಕ ಪ್ರತಿಯೊಬ್ಬರ ಹೇಳಿಕೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಹರ್ಡ್ ದ್ವೀಪದ ಬಳಿ ಸಂಶೋಧನೆಗಾಗಿ ಟೂತ್‌ಫಿಶ್‌ಗೆ ನಂಬರಿನ ಟ್ಯಾಗ್ ಚುಚ್ಚಿ ಬಿಡುತ್ತಾರೆ. ಹೊರಗಿನ ಹಡಗಿನ ಶೀತಲ ಕೋಣೆಯಲ್ಲಿ ಅಂಥ ಮೀನು ಸಿಕ್ಕರೆ ಅದೂ ಒಂದು ಸಾಕ್ಷಿ, ಮಾತಾಡದ ಸಾಕ್ಷಿ. ಅದೂ ಪೂರ್ತಿ ಸಾಕಾಗದು, ಮೀನು ಗೆರೆ ನೋಡಿಕೊಂಡು ಈಜುವುದಿಲ್ಲ.

ಇನ್ನೊಂದು ದಾರಿ ಕಾನೂನನ್ನೇ ಬೇರೆ ಕಡೆಯಿಂದ ಹಿಡಿಯುವುದು. ಮೀನು ಹಿಡಿದ ಅಂತ ತೋರಿಸುವ ಬದಲು, ಲೈಸೆನ್ಸ್ ಇಲ್ಲದ ಪರದೇಶದ ಹಡಗು ಮೀನು ಹಿಡಿಯುವ ಸಲಕರಣೆಗಳನ್ನು ಕಟ್ಟಿಡದೆ ವಲಯದೊಳಗೆ ಇದ್ದದ್ದೇ ಅಪರಾಧ ಅನ್ನುವುದು. ಆಸ್ಟ್ರೇಲಿಯಾದ 1991ರ ಮೀನುಗಾರಿಕೆ ಕಾಯ್ದೆಯಲ್ಲಿ ಇಂಥ ಕಲಮು ಇದೆ. ಆದರೆ ಅದಕ್ಕೂ ಮೊದಲ ನೋಟದಲ್ಲಿ ಡೆಕ್ ಹೇಗಿತ್ತು ಅನ್ನುವ ಫೋಟೊ ಬೇಕು, ವಿಡಿಯೊ ಬೇಕು. ಸುತ್ತಿ ಸುತ್ತಿ ಮತ್ತೆ ಅದೇ ಮೊದಲ ಗಂಟೆಗೇ ಬರುತ್ತೇವೆ.

ಆಮೇಲೆ

ಕೇಸು ಬಿದ್ದುಹೋದರೂ ಸುತ್ತಲಿನ ವಿಷಯ ಬದಲಾಯಿತು. ವಿಯಾರ್ಸಾ ಫ್ರೀಮ್ಯಾಂಟಲ್‌ಗೆ ಬಂದ ಮುಂದಿನ ತಿಂಗಳೇ, 2003ರ ನವೆಂಬರ್‌ನಲ್ಲಿ, ಆಸ್ಟ್ರೇಲಿಯಾ ಮತ್ತು ಫ್ರಾನ್ಸ್ ಹರ್ಡ್ ಹಾಗೂ ಕೆರ್ಗುಲೆನ್ ಸುತ್ತಲಿನ ನೀರಿನ ಬಗ್ಗೆ ಒಪ್ಪಂದ ಮಾಡಿಕೊಂಡವು. ಒಬ್ಬರಿಗೆ ಕಂಡದ್ದನ್ನು ಇನ್ನೊಬ್ಬರಿಗೆ ಹೇಳುವುದು, ಬೆನ್ನಟ್ಟುವಾಗ ಕೈಜೋಡಿಸುವುದು. 2007ರಲ್ಲಿ ಇನ್ನೊಂದು ಒಪ್ಪಂದ ಸೇರಿತು, ಜೊತೆಯಾಗಿ ಕಾವಲು ಕಾದು ಜೊತೆಯಾಗಿಯೇ ಹಿಡಿಯುವುದಕ್ಕೆ. ಎರಡು ಹಡಗು ಇದ್ದರೆ ಒಂದು ಹಿಂದೆ ಓಡಬಹುದು, ಇನ್ನೊಂದು ನಿಂತು ಲೈನು ಎತ್ತಬಹುದು. ನನಗೆ ಇದು ಬಂದೂಕಿಗಿಂತ ದೊಡ್ಡ ಬದಲಾವಣೆ ಅನ್ನಿಸುತ್ತದೆ.

ಬಂದೂಕೂ ಬಂತು. 2004ರಲ್ಲಿ ಆಸ್ಟ್ರೇಲಿಯಾ ಓಶಿಯಾನಿಕ್ ವೈಕಿಂಗ್ ಅನ್ನುವ ಹಡಗನ್ನು ಬಾಡಿಗೆಗೆ ತಗೊಂಡು ಅದರ ಮೇಲೆ ಮೆಷಿನ್‌ಗನ್ ಕೂರಿಸಿ ದಕ್ಷಿಣ ಸಾಗರಕ್ಕೆ ಕಳಿಸಿತು. ಮುಂದಿನ ಸಲ ಮೂರು ವಾರ ಹಿಂದೆ ಓಡಬೇಕಾಗಿಲ್ಲ, ಅಲ್ಲೇ ನಿಲ್ಲಿಸಬಹುದು, ಅಲ್ಲೇ ಹತ್ತಬಹುದು, ಗಾಳ ಇನ್ನೂ ಒದ್ದೆ ಇರುವಾಗಲೇ ಫೋಟೊ ತೆಗೆಯಬಹುದು.

ಅದೇ 2004ರಲ್ಲಿ, ವೋಲ್ಗಾದ ಮಾಲೀಕರು ಹಡಗು ವಾಪಸ್ಸು ಕೊಡಿ ಅಂತ ಹಾಕಿದ್ದ ಕೇಸಿನಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟು ಸರಕಾರದ ಪರ ನಿಂತಿತು. ಅಪರಾಧ ನಡೆದ ಕ್ಷಣದಲ್ಲೇ ಹಡಗು ಸರಕಾರದ್ದಾಗುತ್ತದೆ ಅಂದಿತು. ಸೌತ್ ಟೋಮಿಯೂ ಮುಟ್ಟುಗೋಲಾಗಿತ್ತು. ಅದನ್ನು ಆ ವರ್ಷವೇ ಪಶ್ಚಿಮ ಆಸ್ಟ್ರೇಲಿಯಾದ ಜೆರಾಲ್ಡ್‌ಟನ್ ಬಳಿ ಬೇಕಂತಲೇ ಮುಳುಗಿಸಿದರು. ಈಗ ಡೈವಿಂಗ್‌ಗೆ ಹೋಗುವವರು ಅದರ ಡೆಕ್ ಮೇಲೆ ಈಜಾಡುತ್ತಾರೆ, ಒಳಗೆಲ್ಲ ಮೀನು ಮನೆ ಮಾಡಿಕೊಂಡಿದೆ.